ಮನೆಯಲ್ಲೇ ಪ್ಯಾಕ್‌ಮ್ಯಾನ್ ಪೆಟ್ಟಿಗೆ ಕಟ್ಟುವುದಾದರೆ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಹಳೇ ಕಾಲದ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಬೇಕು ಅಂತ ಹೊರಟವರು ನನ್ನನ್ನು ಮೊದಲು ಕೇಳುವುದು, ‘ಒಳಗೆ ಯಾವ ಬೋರ್ಡ್ ಹಾಕಲಿ?’ ಎಂದು. ಬೋರ್ಡ್ ಅಂದರೆ ಆಟವನ್ನು ಓಡಿಸುವ ಕಂಪ್ಯೂಟರ್. ಆಮೇಲೆ, ‘ಎಷ್ಟು ಆಟ ಹಿಡಿಸಬಹುದು?’ ಎಂದು. ಎರಡಕ್ಕೂ ನಾನು ಉತ್ತರ ಕೊಡುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಯಾವ ಆಟ ಇಷ್ಟ? ಒಂದೇ ಒಂದು ಹೆಸರು ಹೇಳಿ.

ಆ ಹೆಸರು ಸಿಕ್ಕರೆ ಮುಕ್ಕಾಲು ತೀರ್ಮಾನ ತಾನಾಗೇ ಆಗಿಬಿಡುತ್ತದೆ. ಪರದೆ ಉದ್ದಕ್ಕೆ ನಿಲ್ಲಬೇಕೋ ಅಡ್ಡ ಮಲಗಬೇಕೋ, ಬಟನ್ ಎಷ್ಟು, ಕೈಯಲ್ಲಿ ಹಿಡಿದು ಆಡಿಸುವ ಸ್ಟಿಕ್ ಯಾವುದು, ಪೆಟ್ಟಿಗೆ ಎಷ್ಟು ಅಗಲ, ಎಲ್ಲವನ್ನೂ ಆಟವೇ ಹೇಳುತ್ತದೆ.

ನಾನು ಎರಡು ಕಟ್ಟಿದ್ದೇನೆ. ಮೊದಲನೆಯದು ಮೇಜಿನ ಮೇಲಿಡುವ ಚಿಕ್ಕದು. ಅದರೊಳಗೆ ನೂರಾರು ಆಟ ಇತ್ತು. ಮನೆಗೆ ಬಂದವರು ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತಾ ಹತ್ತು ನಿಮಿಷ ಕಳೆದು, ಯಾವುದೋ ಒಂದನ್ನು ಎರಡು ನಿಮಿಷ ಆಡಿ ಎದ್ದುಬಿಡುತ್ತಿದ್ದರು. ಎರಡನೆಯದು ಆಳೆತ್ತರದ ಹಳದಿ ಪೆಟ್ಟಿಗೆ. ಅದರಲ್ಲಿರುವುದು ಪ್ಯಾಕ್‌ಮ್ಯಾನ್ ಒಂದೇ, ಓಣಿಗಳಲ್ಲಿ ಚುಕ್ಕಿ ತಿನ್ನುತ್ತಾ ಭೂತಗಳಿಂದ ತಪ್ಪಿಸಿಕೊಂಡು ಓಡುವ ಆಟ. ಸ್ವಿಚ್ ಹಾಕಿದರೆ ಸೀದಾ ಆಟ. ನಮ್ಮತ್ತೆಗೆ ಅರವತ್ತೆಂಟು ವರ್ಷ. ಸಂಜೆ ಕಾಫಿ ಆದ ಮೇಲೆ ಅವರಿಗೆ ಒಂದು ಆಟ ಆಗಲೇಬೇಕು. ‘ಆ ಕೆಂಪು ಭೂತ ನನ್ನನ್ನೇ ಅಟ್ಟಿಸಿಕೊಂಡು ಬರುತ್ತೆ ನೋಡು’ ಅನ್ನುತ್ತಾರೆ. ಅವರು ಹೇಳುವುದು ಪೂರ್ತಿ ನಿಜ. ಆ ಆಟದಲ್ಲಿ ಕೆಂಪು ಭೂತ ನೀವಿರುವ ಚೌಕಕ್ಕೇ ಗುರಿ ಇಡುತ್ತದೆ. ಗುಲಾಬಿ ಭೂತ ನಿಮಗಿಂತ ನಾಲ್ಕು ಚೌಕ ಮುಂದಕ್ಕೆ ಗುರಿ ಇಡುತ್ತದೆ. ಯಾರೂ ಹೇಳಿಕೊಡದೆ, ಬರೀ ಆಡಿ ಆಡಿ ಅವರಿಗೆ ಇದು ಗೊತ್ತಾಗಿದೆ. ಒಂದೇ ಆಟದ ಪೆಟ್ಟಿಗೆ ಮಾಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದನ್ನು ನೋಡಿದ ಮೇಲೆ.

ಮೊದಲು ಆಟ

ಹೊಸಬರಿಗೆ ಸುಲಭವಾದದ್ದು ಪ್ಯಾಕ್‌ಮ್ಯಾನ್. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯಲ್ಲಿ ಟೋರು ಇವಾತಾನಿ ರೂಪಿಸಿದ ಆಟ. ಅಮೆರಿಕದಲ್ಲಿ ಮಿಡ್ವೇ ಕಂಪನಿ ಅದನ್ನು ಹಳದಿ ಪೆಟ್ಟಿಗೆಯಲ್ಲಿ ಹೊರತಂದಿತು. ನಾವೆಲ್ಲ ಚಿತ್ರಗಳಲ್ಲಿ ನೋಡುವುದು ಬಹುಪಾಲು ಅದನ್ನೇ. ಆಡಲು ಒಂದು ಸ್ಟಿಕ್ ಸಾಕು, ಬಟನ್ನೇ ಬೇಡ. ಶುರು ಮಾಡಲು ಒಬ್ಬರಿಗೆ ಒಂದು, ಇಬ್ಬರಿಗೆ ಒಂದು, ಹೀಗೆ ಎರಡು ಬಟನ್ ಅಷ್ಟೇ. ವೈರಿಂಗ್ ಅರ್ಧ ದಿನದ ಕೆಲಸ.

ನಿಂಟೆಂಡೊದ ಡಾಂಕಿ ಕಾಂಗ್ (1981) ಕೂಡ ಹೆಚ್ಚು ಕಡಿಮೆ ಇಷ್ಟೇ ಸುಲಭ. ಸ್ಟಿಕ್ ಜೊತೆಗೆ ಹಾರಲು ಒಂದು ಬಟನ್. ನೀಲಿ ಪೆಟ್ಟಿಗೆ ಹೆಚ್ಚು ಪರಿಚಿತವಾದರೂ ಅಮೆರಿಕದಲ್ಲಿ ಮೊದಲು ಬಂದವು ಕೆಂಪು. ರಾಡಾರ್ ಸ್ಕೋಪ್ ಎಂಬ ಆಟದ ಪೆಟ್ಟಿಗೆಗಳು ಮಾರಾಟವಾಗದೆ ಉಳಿದಿದ್ದವು. ಅವುಗಳೊಳಗೇ ಡಾಂಕಿ ಕಾಂಗ್ ಕೂರಿಸಿ ಕಳಿಸಿದ್ದರು. ಹಾಗಾಗಿ ಕೆಂಪು ಬಳಿದರೂ ತಪ್ಪಿಲ್ಲ, ನೀಲಿ ಬಳಿದರೂ ತಪ್ಪಿಲ್ಲ.

ಸೆಂಟಿಪೀಡ್ (1981) ಬೇಕೆಂದರೆ ಸ್ಟಿಕ್ ಬದಲು ಅಂಗೈಯಲ್ಲಿ ಉರುಳಿಸುವ ಟ್ರ್ಯಾಕ್‌ಬಾಲ್ ಬೇಕು. ಒಳ್ಳೆಯ ಟ್ರ್ಯಾಕ್‌ಬಾಲ್ ದುಬಾರಿ, ಅಗ್ಗದ್ದು ಹಾಕಿದರೆ ಆಟವೇ ಕೆಡುತ್ತದೆ. ಸ್ಪೇಸ್ ಇನ್ವೇಡರ್ಸ್ (1978) ನನಗೆ ಬಹಳ ಇಷ್ಟವಾದ ಪೆಟ್ಟಿಗೆ. ಅದರ ಪರದೆ ಕಪ್ಪು ಬಿಳುಪು. ಬಣ್ಣ ಕಾಣುತ್ತಿದ್ದದ್ದು ಅಂಟಿಸಿದ ಬಣ್ಣದ ಹಾಳೆಗಳಿಂದ. ಮಿಡ್ವೇಯ ನಿಲ್ಲುವ ಪೆಟ್ಟಿಗೆಯಲ್ಲಂತೂ ಆ ಚಿತ್ರ ಅರೆಗನ್ನಡಿಯಲ್ಲಿ ಮೂಡಿ, ಹಿಂದಿರುವ ಚಂದ್ರನ ಚಿತ್ರದ ಮೇಲೆ ತೇಲಿದ ಹಾಗೆ ಕಾಣುತ್ತಿತ್ತು. ಅದನ್ನು ಸರಿಯಾಗಿ ಮಾಡಿದರೆ ನೋಡಲು ಎರಡು ಕಣ್ಣು ಸಾಲದು. ಆದರೆ ಮೊದಲ ಸಲಕ್ಕೆ ಬೇಡ.

ಕರ್ನಾಟಕದಲ್ಲಿ ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗೆ ಹೋಗಿ ಬೆಳೆದವರು ಕೇಳುವುದು ಇವ್ಯಾವೂ ಅಲ್ಲ. ಅವರು ಕೇಳುವುದು ‘ಮುಸ್ತಫಾ’. ಕ್ಯಾಪ್ಕಾಮ್ 1993ರಲ್ಲಿ ತಂದ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಟಕ್ಕೆ ನಮ್ಮಲ್ಲಿ ಅದೇ ಹೆಸರು. ಅದರಲ್ಲಿರುವ ಮುಸ್ತಫಾ ಕೈರೋ ಎಂಬ ಪಾತ್ರದಿಂದ ಬಂದದ್ದು. ಅದಕ್ಕೆ ಅಡ್ಡ ಪರದೆ ಬೇಕು. ಎಂಟು ದಿಕ್ಕಿಗೂ ಹೋಗುವ ಸ್ಟಿಕ್ ಬೇಕು. ಒಬ್ಬೊಬ್ಬರಿಗೆ ಎರಡು ಬಟನ್. ಮೂವರು ಒಟ್ಟಿಗೆ ಆಡಬಹುದು, ಹಾಗಾಗಿ ಸ್ಟಿಕ್, ಬಟನ್ ಕೂರಿಸುವ ಮುಂದಿನ ಫಲಕ ಅಗಲ ಇರಬೇಕು. 1991ರ ಸ್ಟ್ರೀಟ್ ಫೈಟರ್ 2 ಆದರೆ ಇಬ್ಬರಿಗೂ ಆರಾರು ಬಟನ್. ಇವೆರಡಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ಪ್ಯಾಕ್‌ಮ್ಯಾನ್ ಚೆನ್ನಾಗಿ ಆಡಲು ಬರುವುದಿಲ್ಲ. ಯಾಕೆಂದು ಮುಂದೆ ಸ್ಟಿಕ್ ವಿಷಯದಲ್ಲಿ ಹೇಳುತ್ತೇನೆ. ಇಲ್ಲಿಂದ ಮುಂದೆ ಪ್ಯಾಕ್‌ಮ್ಯಾನ್ ಅನ್ನೇ ಇಟ್ಟುಕೊಂಡು ಮಾತಾಡೋಣ.

ನಿಲ್ಲುವುದೋ, ಕೂರುವುದೋ, ಮೇಜಿನ ಮೇಲಿನದೋ

ಮೂಲ ಪೆಟ್ಟಿಗೆಯ ಎತ್ತರ ಹತ್ತಿರ ಐದೂಮುಕ್ಕಾಲು ಅಡಿ. ಅಗಲ ಎರಡಡಿಗಿಂತ ಸ್ವಲ್ಪ ಜಾಸ್ತಿ. ಆಳ ಎರಡೂಮುಕ್ಕಾಲು ಅಡಿ. ಆಳ ನೋಡಿದಿರಲ್ಲ, ಎಡವುವುದು ಅಲ್ಲೇ. ಫ್ರಿಜ್ಜಿಗಿಂತ ಆಳ ಇದು. ಗೋಡೆಗೆ ಒತ್ತಿ ಇಟ್ಟರೂ ಮುಂದೆ ನಿಲ್ಲಲು ಇನ್ನೂ ಎರಡಡಿ ಬೇಕು. ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲಿನಲ್ಲಿ ಅದು ಸೋಫಾ ಜಾಗವನ್ನೇ ತಿನ್ನುತ್ತದೆ. ಮಹಡಿ ಮೇಲೆ ಮನೆಯಿದ್ದರೆ ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವು ಎರಡನ್ನೂ ಮೊದಲೇ ಟೇಪ್ ಹಿಡಿದು ನೋಡಿ.

ಆದರೂ ಜಾಗ ಇದ್ದರೆ ಆಳೆತ್ತರದ್ದೇ ಸರಿ. ಪಕ್ಕದ ಹಲಗೆಗಳು ಎರಡೂ ಕಡೆ ಮುಖಕ್ಕೆ ಮರೆಯಾಗುತ್ತವೆ. ತಲೆ ಮೇಲೆ ಹೆಸರಿನ ಪಟ್ಟಿ ಉರಿಯುತ್ತಿರುತ್ತದೆ. ನಿಂತು, ಎಡಗೈಯಲ್ಲಿ ಅಂಚು ಹಿಡಿದುಕೊಂಡು ಆಡುವಾಗ ಮನೆಯ ಉಳಿದ ಗದ್ದಲ ಮರೆತುಹೋಗುತ್ತದೆ. ಬೇರೆ ಯಾವ ಆಕಾರದಲ್ಲೂ ಇದು ಸಿಗುವುದಿಲ್ಲ.

ಫ್ಲ್ಯಾಟಿನವರಿಗೆ ನಾನು ಹೇಳುವುದು ಟೀಪಾಯಿ ಮಾದರಿ. ಇದು ನಕಲಿ ಉಪಾಯ ಏನಲ್ಲ. ಪ್ಯಾಕ್‌ಮ್ಯಾನ್ ಆ ಕಾಲದಲ್ಲೇ ಟೀಪಾಯಿ ರೂಪದಲ್ಲೂ ಬಂದಿತ್ತು. ಗಾಜಿನ ಕೆಳಗೆ ಪರದೆ ಮೇಲ್ಮುಖವಾಗಿ ಮಲಗಿರುತ್ತದೆ, ಇಬ್ಬರು ಎದುರು ಬದುರು ಕೂರುತ್ತಾರೆ. ಎರಡನೆಯವರ ಸರದಿ ಬಂದಾಗ ಚಿತ್ರ ಅವರ ಕಡೆಗೆ ತಿರುಗಿಕೊಳ್ಳುತ್ತದೆ. ಇದಕ್ಕೆ ಮೂಲ ಬೋರ್ಡಿನಲ್ಲೇ ವ್ಯವಸ್ಥೆ ಇತ್ತು. ಹಳೇ ಬೋರ್ಡನ್ನು ಅನುಕರಿಸಿ ಆಟವನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್, ಅದರ ಸೆಟ್ಟಿಂಗಿನಲ್ಲೂ ಅದೇ ಆಯ್ಕೆ ಸಿಗುತ್ತದೆ. ಸ್ಟಿಕ್ ಮಾತ್ರ ಎರಡು ಬೇಕಾಗುತ್ತದೆ. ಗಾಜು ಟಫನ್ಡ್ ಆಗಿರಲಿ, ಮಕ್ಕಳು ಅದರ ಮೇಲೆ ಹತ್ತಿಯೇ ಹತ್ತುತ್ತಾರೆ. ಮರೆತ ಕಾಫಿ ಲೋಟ ಮಗುಚಿದರೆ ಒಳಗೆ ಇಳಿಯದ ಹಾಗೆ ಗಾಜಿನ ಸುತ್ತ ಅಂಚು ಕೊಡಿಸಿ.

ಮೇಜಿನ ಮೇಲಿಡುವ ಚಿಕ್ಕದಕ್ಕೆ ಅರ್ಧ ಪ್ಲೈವುಡ್ ಹಾಳೆ ಸಾಕು, ಎರಡು ಭಾನುವಾರದಲ್ಲಿ ಮುಗಿಯುತ್ತದೆ. ಆದರೆ ಹಗುರ ಇರುವುದರಿಂದ ಸ್ಟಿಕ್ ಎಳೆದಾಗ ಪೆಟ್ಟಿಗೆಯೇ ಜರುಗುತ್ತದೆ. ಅಡಿಯಲ್ಲಿ ರಬ್ಬರ್ ಕಾಲು ಹಾಕಿ, ಒಳಗೆ ಒಂದು ಇಟ್ಟಿಗೆ ಇಟ್ಟು ನೋಡಿದ್ದೇನೆ, ಪರವಾಗಿಲ್ಲ ಅನ್ನುವಷ್ಟಾಯಿತು. ವೈರಿಂಗ್ ಕಲಿಯಲು ಒಳ್ಳೆಯದು. ಹಳೇ ಪೆಟ್ಟಿಗೆಯ ಪ್ರತಿ ಅಂತ ಅದನ್ನು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಮುಕ್ಕಾಲು ಅಳತೆಯ ರೆಡಿಮೇಡ್ ಪೆಟ್ಟಿಗೆಗಳು 2018ರಿಂದ ಅಮೆರಿಕದಲ್ಲಿ ಸಿಗುತ್ತಿವೆ. ಅಲ್ಲಿರುವ ಕನ್ನಡಿಗರಿಗೆ ಬಿಚ್ಚಿ ಜೋಡಿಸುವ ಸುಖ ಸಾಕೆಂದರೆ ಅದು ಸುಲಭದ ದಾರಿ. ಎತ್ತರದವರಿಗೆ ಬೆನ್ನು ಬಗ್ಗಿಸಿ ಆಡಬೇಕಾಗುತ್ತದೆ, ಅಡಿಯಲ್ಲಿ ಪೀಠ ಕೊಟ್ಟರೆ ಸರಿಹೋಗುತ್ತದೆ.

ಸ್ಟಿಕ್: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ನಾನು ಮಾಡಿದ ಚಿಕ್ಕ ಪೆಟ್ಟಿಗೆಯಲ್ಲಿ ಪ್ಯಾಕ್‌ಮ್ಯಾನ್ ಆಡುವಾಗ ತಿರುವಿನಲ್ಲೆಲ್ಲ ತಪ್ಪುತ್ತಿತ್ತು. ಎಡಕ್ಕೆ ಹೋಗುತ್ತಾ ಮೇಲಕ್ಕೆ ತಿರುಗಿಸಬೇಕೆಂದರೆ ಅದು ಎಡಕ್ಕೇ ಓಡಿ ಭೂತದ ಬಾಯಿಗೆ ಬೀಳುತ್ತಿತ್ತು. ಬೋರ್ಡ್ ನಿಧಾನ ಇರಬೇಕು ಅಂದುಕೊಂಡು ಬೋರ್ಡ್ ಬದಲಾಯಿಸಿದೆ. ಆಗಲೂ ಅದೇ ಕತೆ. ಒಂದು ರಾತ್ರಿ ಫಲಕ ಬಿಚ್ಚಿ ಸ್ಟಿಕ್ಕಿನ ಅಡಿಭಾಗವನ್ನು ನೋಡುತ್ತಾ ಮೆಲ್ಲಗೆ ಅಲ್ಲಾಡಿಸಿದೆ. ನಾಲ್ಕು ದಿಕ್ಕಿಗೆ ನಾಲ್ಕು ಮೈಕ್ರೋಸ್ವಿಚ್. ಎಡದಿಂದ ಮೇಲಕ್ಕೆ ಒಯ್ಯುವಾಗ ಮಧ್ಯದಲ್ಲಿ ‘ಟಿಕ್, ಟಿಕ್’ ಎಂದು ಎರಡೂ ಒಟ್ಟಿಗೆ ಒತ್ತಿಕೊಂಡವು. ಅಲ್ಲಿಗೆ ಅರ್ಥವಾಯಿತು.

ಮಾರುಕಟ್ಟೆಯ ಕಿಟ್‌ಗಳಲ್ಲಿ ಬರುವುದು ಎಂಟು ದಿಕ್ಕಿನ ಸ್ಟಿಕ್. ಮೂಲೆಗೆ ಒತ್ತಿದರೆ ಎರಡು ಸ್ವಿಚ್ ಒಟ್ಟಿಗೆ ಕೆಲಸ ಮಾಡಬೇಕು, ಹೊಡೆದಾಟದ ಆಟಕ್ಕೆ ಅದೇ ಬೇಕು. ಪ್ಯಾಕ್‌ಮ್ಯಾನ್ ಓಡುವ ಓಣಿಗಳಲ್ಲಿ ಮೂಲೆ ದಿಕ್ಕೇ ಇಲ್ಲ. ಅದಕ್ಕೆ ಒಂದು ಸಲಕ್ಕೆ ಒಂದೇ ದಿಕ್ಕು ಒತ್ತುವ ನಾಲ್ಕು ದಿಕ್ಕಿನ ಸ್ಟಿಕ್ ಬೇಕು. ಇನ್ನೊಂದು ವಿಷಯ. ಈ ಆಟದಲ್ಲಿ ತಿರುವು ಬರುವ ಸ್ವಲ್ಪ ಮುಂಚೆಯೇ ಸ್ಟಿಕ್ ತಿರುಗಿಸಿದರೆ ಪ್ಯಾಕ್‌ಮ್ಯಾನ್ ಮೂಲೆಯನ್ನು ಕತ್ತರಿಸಿಕೊಂಡು ಬೇಗ ತಿರುಗುತ್ತದೆ. ಭೂತಗಳಿಗೆ ಆ ಅವಕಾಶ ಇಲ್ಲ. ಬೆನ್ನು ಹತ್ತಿದ ಭೂತದಿಂದ ತಪ್ಪಿಸಿಕೊಳ್ಳುವ ಮುಖ್ಯ ಉಪಾಯವೇ ಅದು. ಸ್ಟಿಕ್ ಕೈಕೊಟ್ಟರೆ ಆ ಉಪಾಯವೇ ಹೋಯಿತು.

ಜಪಾನಿನ ಸಾನ್ವಾ ಜೆಎಲ್‌ಎಫ್ ಸ್ಟಿಕ್ ಒಳ್ಳೆಯದು. ಅಡಿಯಲ್ಲಿರುವ ಚೌಕದ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿ 45 ಡಿಗ್ರಿ ತಿರುಗಿಸಿ ಕೂರಿಸಿದರೆ ಅದೇ ನಾಲ್ಕು ದಿಕ್ಕಿನದಾಗುತ್ತದೆ. ಆದರೆ ಅದನ್ನು ಮಾಡಿರುವುದು ತೆಳು ಲೋಹದ ಫಲಕಕ್ಕೆ. 18 ಎಂ.ಎಂ. ಮರದ ಕೆಳಗೆ ಬಿಗಿದರೆ ಮೇಲೆ ಉಳಿಯುವ ಕಡ್ಡಿ ತೀರಾ ಮೋಟು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ತೆಳುವಾದ ಒಂದು ಕಬ್ಬಿಣದ ತಗಡು ಕತ್ತರಿಸಿ ತೂತು ಮಾಡಿಸಿಕೊಂಡರೆ ಸರಿ. ಅಮೆರಿಕದ ಮಾದರಿಯ ಹ್ಯಾಪ್ ಸ್ಟಿಕ್‌ಗಳು ಮರದ ಫಲಕಕ್ಕೆಂದೇ ಉದ್ದ ಇರುತ್ತವೆ, ಸ್ವಲ್ಪ ಗಡುಸು. ಮೂಲ ಪ್ಯಾಕ್‌ಮ್ಯಾನ್‌ನಲ್ಲಿ ಮೈಕ್ರೋಸ್ವಿಚ್ ಇರಲಿಲ್ಲ. ಎರಡು ತೆಳು ಲೋಹದ ಎಲೆಗಳು ಒಂದಕ್ಕೊಂದು ತಾಗುವ ಲೀಫ್ ಸ್ವಿಚ್ ಇತ್ತು. ಸದ್ದಿಲ್ಲ, ಮೆತ್ತಗಿರುತ್ತದೆ. ಆ ಸ್ಪರ್ಶವೇ ಬೇಕೆನ್ನುವವರು ಹೊರದೇಶದಿಂದ ತರಿಸುತ್ತಾರೆ. ನಾನು ಅಷ್ಟು ದೂರ ಹೋಗಲಿಲ್ಲ. ಸಾನ್ವಾ ಹಾಕಿ, ತಲೆಗೆ ಕೆಂಪು ಗುಂಡು ತಿರುಗಿಸಿದೆ. ಅತ್ತೆಯವರ ಅಂಕ ಆ ವಾರದಲ್ಲೇ ಎರಡರಷ್ಟಾಯಿತು.

ಸ್ಟಿಕ್ಕಿನಿಂದ ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ಎನ್‌ಕೋಡರ್ ಮಾತ್ರ ಅಗ್ಗದ್ದೇ ಸಾಕು. ನಾಲ್ಕೈದು ಸ್ವಿಚ್ ಓದಲು ದೊಡ್ಡದೇನೂ ಬೇಕಿಲ್ಲ. ವೈರಿನ ತುದಿಗೆ ಹಾಕುವ ಲಗ್ ಕೊಳ್ಳುವಾಗ ಅಳತೆ ನೋಡಿಕೊಳ್ಳಿ. ಜಪಾನಿನ ಬಟನ್‌ಗೆ 2.8 ಎಂ.ಎಂ., ಅಮೆರಿಕದ ಮಾದರಿಗೆ 4.8 ಎಂ.ಎಂ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡೂ ಬಿಡಿಯಾಗಿ ಕೇಳಿ ನೋಡಿ. ಬೆಸುಗೆ ಹಾಕಬೇಡಿ, ಮುಂದೆ ಸ್ವಿಚ್ ಬದಲಿಸುವ ದಿನ ಬಂದೇ ಬರುತ್ತದೆ.

ಪರದೆ: ಹಳೇ ಟಿವಿಯೋ, ಹಳೇ ಮಾನಿಟರೋ, ಹೊಸ ಮಾನಿಟರೋ

ಪ್ಯಾಕ್‌ಮ್ಯಾನ್‌ನ ಚಿತ್ರ 224 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಅದನ್ನು ತೋರಿಸುತ್ತಿದ್ದದ್ದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ 19 ಇಂಚಿನ ಪಿಕ್ಚರ್ ಟ್ಯೂಬ್.

ಪಿಕ್ಚರ್ ಟ್ಯೂಬಿನಲ್ಲಿ ಕಾಣುವ ಬಣ್ಣ, ಆ ಹೊಳಪು, ಎಲ್‌ಸಿಡಿಯಲ್ಲಿ ಬರುವುದಿಲ್ಲ. ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ. ಚುಕ್ಕಿಗಳ ಅಂಚು ಮೆದುವಾಗಿರುತ್ತದೆ. ಅಟ್ಟದಲ್ಲಿ 21 ಇಂಚಿನ ಹಳೇ ಟಿವಿ ಇದ್ದರೆ ಆಸೆಯಾಗುವುದು ಸಹಜ. ಆಸೆಪಡುವ ಮೊದಲು ಕೆಲವು ಮಾತು. ಟಿವಿಯನ್ನು ಪಕ್ಕಕ್ಕೆ ಮಲಗಿಸಿದಾಗ ಭೂಮಿಯ ಅಯಸ್ಕಾಂತದ ಪ್ರಭಾವದಿಂದ ಮೂಲೆಗಳಲ್ಲಿ ಬಣ್ಣದ ಕಲೆ ಮೂಡಬಹುದು. ಆನ್ ಆಫ್ ಮಾಡುತ್ತಾ ಹೋದರೆ ಒಳಗಿನ ಡೀಗಾಸ್ ಕಾಯಿಲ್ ಅದನ್ನು ನಿಧಾನಕ್ಕೆ ಸರಿಮಾಡುತ್ತದೆ. ನಮ್ಮ ಟಿವಿಗಳು ಸೆಕೆಂಡಿಗೆ 50 ಸಲ ಚಿತ್ರ ಬರೆಯುವ ಪಾಲ್ ಪದ್ಧತಿಯವು, ಆಟಕ್ಕೆ ಬೇಕಾದದ್ದು 60. 60 ಸಲ ಬರೆಯುವ ಎನ್‌ಟಿಎಸ್‌ಸಿ ಪದ್ಧತಿಯ ಸಿಗ್ನಲ್ಲನ್ನೂ ಹಿಡಿಯುವ ಟಿವಿ ಆದರೆ ಸರಿ, ಇಲ್ಲದಿದ್ದರೆ ಚಿತ್ರ ಉರುಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಟ್ಯೂಬಿನೊಳಗೆ 20,000 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು. ಹಿಂದಿನ ಮುಚ್ಚಳ ತೆಗೆಯುವ ಕೆಲಸವನ್ನು ಹಳೇ ಟಿವಿ ರಿಪೇರಿಯವರಿಗೇ ಬಿಡಿ. ಟಿವಿಯನ್ನು ಇಡಿಯಾಗಿ ಪೆಟ್ಟಿಗೆಯೊಳಗೆ ಕೂರಿಸುವುದಾದರೆ ಗಾಳಿಗೆ ಜಾಗ ಬಿಡಿ, ಭಾರ ಹೊರಲು ಅಡಿಯಲ್ಲಿ ಗಟ್ಟಿ ಅಡ್ಡಪಟ್ಟಿ ಕೊಡಿ.

ಮಕ್ಕಳಿರುವ ಮನೆಗೆ ನನ್ನ ಮತ ಎಲ್‌ಸಿಡಿಗೇ. ಆದರೆ ಹೊಸದು ಕೊಳ್ಳಬೇಡಿ. ಇಲ್ಲೊಂದು ಲೆಕ್ಕ ಇದೆ. ಚಿತ್ರ ಚೊಕ್ಕವಾಗಿ ಕಾಣಬೇಕಾದರೆ ಒಂದೊಂದು ಚುಕ್ಕಿಯನ್ನೂ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸಬೇಕು. ಹಳೇ ಆಫೀಸುಗಳಲ್ಲಿದ್ದ 19 ಇಂಚಿನ ಚೌಕದಂಥ ಮಾನಿಟರ್ 1280 ಬೈ 1024. ಅದನ್ನು ನಿಲ್ಲಿಸಿದರೆ ನಾಲ್ಕರಷ್ಟು ಹಿಗ್ಗಿದ ಚಿತ್ರ, ಅಂದರೆ 896 ಬೈ 1152, ಸರಿಯಾಗಿ ಕೂರುತ್ತದೆ. ಚಿತ್ರದ ಕರ್ಣ ಹತ್ತಿರ 17 ಇಂಚು. ಈಗ 24 ಇಂಚಿನ ಹೊಸ ಫುಲ್ ಎಚ್‌ಡಿ ಮಾನಿಟರ್ ನಿಲ್ಲಿಸಿ ನೋಡಿ. ಅಗಲ 1080 ಚುಕ್ಕಿ. ಅಲ್ಲೂ ನಾಲ್ಕರಷ್ಟೇ ಹಿಡಿಯುವುದು, ಐದರಷ್ಟಕ್ಕೆ 1120 ಬೇಕು. ಚುಕ್ಕಿಗಳು ಚಿಕ್ಕವಾದ್ದರಿಂದ ಚಿತ್ರ 16 ಇಂಚಿಗೆ ಇಳಿಯುತ್ತದೆ! ಮೇಲೆ ಕೆಳಗೆ ಉಳಿದ ಭಾಗವೆಲ್ಲ ಪರದೆಯ ಸುತ್ತ ಕೂರಿಸುವ ರಟ್ಟಿನ ಹಿಂದೆ ಸುಮ್ನೆ ಮರೆಯಾಗಿರುತ್ತದೆ. ಪೂರ್ಣ ಸಂಖ್ಯೆಯ ಹಟ ಬಿಟ್ಟು ಅಗಲ ತುಂಬಿಸಿದರೆ ಚಿತ್ರ ದೊಡ್ಡದಾಗುತ್ತದೆ, ಆದರೆ ಕೆಲವು ಚುಕ್ಕಿ ದಪ್ಪ, ಕೆಲವು ಸಣ್ಣ ಆಗುತ್ತವೆ. ನೀಲಿ ಗೋಡೆಯ ಗೆರೆಗಳಲ್ಲಿ ಅದು ಕಣ್ಣಿಗೆ ಬೀಳುತ್ತದೆ.

ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು 20 ಇಂಚಿನ 1600 ಬೈ 1200 ಮಾನಿಟರ್. ಐದರಷ್ಟು ಹಿಗ್ಗಿದ 1120 ಬೈ 1440 ಅದರಲ್ಲಿ ಹಿಡಿಸುತ್ತದೆ, ಚಿತ್ರ 18 ಇಂಚು ದಾಟುತ್ತದೆ. ಹಳೇ ಟ್ಯೂಬಿನಲ್ಲಿ ಕಾಣುತ್ತಿದ್ದ ಅಳತೆಗೆ ಬಹಳ ಹತ್ತಿರ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಅಂಗಡಿಗಳಲ್ಲಿ ಧೂಳು ಹಿಡಿದು ಕೂತಿರುತ್ತವೆ, ಕೇಳುವವರಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ, ಮಾನಿಟರನ್ನು ಪಕ್ಕಕ್ಕೆ ನಿಲ್ಲಿಸಿ, ಎಡದಿಂದ ಬಲಕ್ಕೆ ನಡೆದು ನೋಡಿ. ಟಿಎನ್ ಪ್ಯಾನೆಲ್ ಆದರೆ ಒಂದು ಕಡೆಯಿಂದ ಬಣ್ಣ ಮಂಕಾಗಿ ಕಾಣುತ್ತದೆ. ಮೇಲಿನಿಂದ, ಕೆಳಗಿನಿಂದ ನೋಡಿದಾಗ ಬಣ್ಣ ಬದಲಾಗುವುದು ಆ ಪ್ಯಾನೆಲ್‌ಗಳ ಗುಣ. ನಿಲ್ಲಿಸಿದಾಗ ಆ ದೋಷ ಎಡ ಬಲಕ್ಕೆ ಬರುತ್ತದೆ. ಆಡುವವರಿಗೆ ತೊಂದರೆ ಇಲ್ಲ, ಪಕ್ಕದಲ್ಲಿ ನಿಂತು ‘ಆ ಕಡೆ, ಆ ಕಡೆ’ ಅಂತ ಕೂಗುವವರಿಗೆ ಮಂಕು ಕಾಣುತ್ತದೆ. ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಪ್ಯಾನೆಲ್ ಸಿಕ್ಕರೆ ಬಿಡಬೇಡಿ.

ಬೋರ್ಡ್

ಈಗ ಬೋರ್ಡಿಗೆ ಬರೋಣ. ಮೂಲ ಪ್ಯಾಕ್‌ಮ್ಯಾನ್ ಓಡುತ್ತಿದ್ದದ್ದು ಸುಮಾರು 3 ಮೆಗಾಹರ್ಟ್ಸ್‌ನ ಝಡ್80 ಚಿಪ್ ಮೇಲೆ. ಇವತ್ತಿನ ಯಾವ ಬೋರ್ಡ್ ಆದರೂ ಸಾಕು ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಹೆಚ್ಚು ಜನರ ಆಯ್ಕೆ, ನನ್ನದೂ ಅದೇ. ಪೈ 4 ಧಾರಾಳವಾಯಿತು, ಅದಕ್ಕಿಂತ ಹಳೆಯದೂ ನಡೆಯುತ್ತದೆ. ಹಳೇ ಟಿವಿಗೆ ಜೋಡಿಸುವವರು ಪೈ 5 ಬಿಡುವುದೇ ವಾಸಿ. ಎವಿ ಕೇಬಲ್ ಹಾಕುವ ಗುಂಡು ಜ್ಯಾಕ್ ಅದರಲ್ಲಿಲ್ಲ. ಮನೆಯಲ್ಲಿ ಕೀಬೋರ್ಡ್ ಕೆಟ್ಟ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಪೆಟ್ಟಿಗೆಯೊಳಗೆ ಇಡಿ, ಒಂದು ರೂಪಾಯಿ ಖರ್ಚಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಆಟ ಹೋಗುವುದಿಲ್ಲ. ಪೈನಲ್ಲಿ ಹಾಗಲ್ಲ. ನನ್ನದು ಮೂರು ತಿಂಗಳಲ್ಲಿ ಎರಡು ಸಲ ಮೆಮೊರಿ ಕಾರ್ಡ್ ಕೆಡಿಸಿಕೊಂಡಿತು. ಆಟ ನಡೆಯುವಾಗಲೇ ಕರೆಂಟ್ ಹೋಗಿತ್ತು. ಎಲ್ಲವನ್ನೂ ಹಾಕಿ ಮುಗಿಸಿದ ಮೇಲೆ ಪೈನ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ. ಕಾರ್ಡಿನ ಮೇಲೆ ಬರೆಯುವುದೇ ನಿಂತಿತು. ಅಂದಿನಿಂದ ಸ್ವಿಚ್ಚನ್ನು ಸೀದಾ ಗೋಡೆಯಲ್ಲೇ ಆರಿಸುತ್ತೇವೆ. ಅಂಕಗಳ ದಾಖಲೆ ಮಾತ್ರ ಉಳಿಯುವುದಿಲ್ಲ. ಮೂಲ ಪೆಟ್ಟಿಗೆಯೂ ಹಾಗೇ ಇತ್ತು, ಪ್ಲಗ್ ಕಿತ್ತರೆ ದಾಖಲೆ ಹೋಯಿತು. ಗೋಡೆಗೊಂದು ಸ್ಲೇಟು ನೇತುಹಾಕಿದ್ದೇವೆ.

ಅರುವತ್ತು ಆಟಗಳನ್ನು ತುಂಬಿ ಮಾರುವ ಅಗ್ಗದ ಜಾಮಾ ಬೋರ್ಡ್‌ಗಳು (ಜಾಮಾ ಅಂದರೆ ಗೇಮ್ ಪೆಟ್ಟಿಗೆಗಳ ವೈರಿಂಗಿಗೆ ಇರುವ ಒಂದು ಸಾಮಾನ್ಯ ಪದ್ಧತಿ) ಅರ್ಧ ಗಂಟೆಯಲ್ಲಿ ಜೋಡಣೆಯಾಗುತ್ತವೆ. ಆದರೆ ಅವುಗಳಲ್ಲಿರುವ ಆಟಗಳಿಗೆ ಅನುಮತಿ ಇರುವುದಿಲ್ಲ. ಮಿಸ್ಟರ್ ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನೇ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಾದ ಚಿಪ್) ವ್ಯವಸ್ಥೆ ಹಳೇ ಚಿಪ್‌ನ ನಡವಳಿಕೆಯನ್ನು ಸರ್ಕ್ಯೂಟ್ ಮಟ್ಟದಲ್ಲೇ ಅನುಕರಿಸುತ್ತದೆ. ಬಹಳ ಚೆನ್ನಾಗಿದೆ, ಆದರೆ ಒಂದೇ ಪ್ಯಾಕ್‌ಮ್ಯಾನ್‌ಗೆ ಅಷ್ಟು ದುಡ್ಡು ಸುರಿಯಬೇಕಿಲ್ಲ. ಮೂಲ ಬೋರ್ಡ್ ತರಿಸುವುದು ರಿಪೇರಿ ಗೊತ್ತಿದ್ದವರಿಗೆ ಮಾತ್ರ.

ಪೈ ಅಥವಾ ಲ್ಯಾಪ್‌ಟಾಪಿನಲ್ಲಿ ಆಟ ಓಡಿಸಲು ಮೇಮ್ ಎಂಬ ಎಮ್ಯುಲೇಟರ್ ಇದೆ. ಅದು ಶುರುವಾದದ್ದೇ ಪ್ಯಾಕ್‌ಮ್ಯಾನ್ ಕುಟುಂಬದ ಆಟಗಳನ್ನು ಓಡಿಸಲು. ಇಟಲಿಯ ನಿಕೋಲಾ ಸಾಲ್ಮೋರಿಯಾ ಅದನ್ನು 1997ರ ಫೆಬ್ರವರಿಯಲ್ಲಿ ಮೊದಲು ಬಿಡುಗಡೆ ಮಾಡಿದರು. ಅದು ಉಚಿತ ಮತ್ತು ಮುಕ್ತ. ಆಟ ಮಾತ್ರ ಇವತ್ತಿಗೂ ಬಂದೈ ನಾಮ್ಕೋ ಸ್ವತ್ತು. ಕಾನೂನಿನ ಪ್ರಕಾರವೇ ನಡೆಯಬೇಕೆನ್ನುವವರು ಪೆಟ್ಟಿಗೆಯಲ್ಲಿ ಪಿಸಿ ಇಟ್ಟು, 2022ರಲ್ಲಿ ಬಂದ ಪ್ಯಾಕ್‌ಮ್ಯಾನ್ ಮ್ಯೂಸಿಯಂ ಪ್ಲಸ್ ಕೊಂಡು ಹಾಕಬಹುದು. ನಿಲ್ಲಿಸಿದ ಪರದೆಯಲ್ಲಿ ಅದು ನಿಮಗೆ ಬೇಕಾದ ಹಾಗೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲು ನೋಡಿಕೊಳ್ಳಿ.

ಶಬ್ದಕ್ಕೆ ಒಂದೇ ಸ್ಪೀಕರ್ ಸಾಕು. ಮೂಲದಲ್ಲೂ ಮೋನೋ. ಪಿಎಎಂ8403 ಎಂಬ ಪುಟ್ಟ ಆಂಪ್ಲಿಫೈಯರ್ 5 ವೋಲ್ಟಿನಲ್ಲೇ ಓಡುತ್ತದೆ. ಮರದ ಡಬ್ಬದೊಳಗೆ ನಾಲ್ಕಿಂಚಿನ ಸ್ಪೀಕರ್ ಇಟ್ಟರೆ ‘ವಕಾ ವಕಾ’ ಸದ್ದು ಅಡುಗೆಮನೆಯವರೆಗೂ ಕೇಳುತ್ತದೆ.

ಮರ, ಬಣ್ಣ, ಬಾಗಿಲು

ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪು, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಕತ್ತರಿಸಲು ಸುಲಭ. ಆದರೆ 18 ಎಂ.ಎಂ.ನ 8 ಬೈ 4 ಹಾಳೆ ಹತ್ತಿರ 40 ಕೆ.ಜಿ. ತೂಗುತ್ತದೆ. ನೆಲ ಒರೆಸಿದ ನೀರು ಅಡಿಗೆ ತಾಗುತ್ತಾ ಬಂದರೆ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಮಂಗಳೂರು, ಮಡಿಕೇರಿ, ಶಿವಮೊಗ್ಗದ ಕಡೆಯವರು ಮಳೆಗಾಲ ನೆನೆದು ಪ್ಲೈವುಡ್ಡನ್ನೇ ತಗೊಳ್ಳಿ. ಒಳಗೆ ಇಡುವ ಪೆಟ್ಟಿಗೆಗೆ ತೇವ ತಡೆಯುವ ಎಂಆರ್ ದರ್ಜೆ ಸಾಕು, ಮರೀನ್ ಪ್ಲೈ ಬೇಡ. ಸ್ಕ್ರೂ ಬಿಚ್ಚಿ ಹಾಕಿ ಮಾಡಿದರೂ ಹಿಡಿತ ಬಿಡುವುದಿಲ್ಲ. ನಾನು ಪ್ಲೈ ಹಾಕಿಸಿ, ಅಡಿಯಲ್ಲಿ ಒಂದಿಂಚು ಎತ್ತರದ ರಬ್ಬರ್ ಕಾಲು ಕೊಟ್ಟಿದ್ದೇನೆ.

ಹಾಳೆ ಎಷ್ಟು ಬೇಕು ಅಂತ ಅಂಗಡಿಯವರು ಎರಡು ಅನ್ನುತ್ತಾರೆ. ಮೂರು ಲೆಕ್ಕ ಹಾಕಿ. ಪಕ್ಕದ ಹಲಗೆ ಒಂದೊಂದೂ 69 ಬೈ 33 ಇಂಚಿನಷ್ಟು. ಹಾಳೆಯ ಅಗಲ 48 ಇಂಚು. ಎರಡು ಪಕ್ಕ ಒಂದೇ ಹಾಳೆಯಲ್ಲಿ ಬರುವುದೇ ಇಲ್ಲ. ಆ ಬಾಗಿದ ಅಂಚುಗಳನ್ನು ಕತ್ತರಿಸಲು ದೇವರಮನೆ ಬಾಗಿಲಿಗೆ ಜಾಲರಿ ಕೊರೆಯುವ ಸಿಎನ್‌ಸಿ ಅಂಗಡಿಗೆ ಹೋಗಿ. ಬಡಗಿ ಕೈಯಲ್ಲಿ ಜಿಗ್ ಸಾ ಹಿಡಿಸಿ ಮಾಡಿಸಿದರೆ ಎರಡು ಪಕ್ಕ ಒಂದೇ ಸಮ ಬರಿಸಲು ಒಂದನ್ನು ಇನ್ನೊಂದರ ಮೇಲಿಟ್ಟು ಉಜ್ಜಬೇಕಾಗುತ್ತದೆ, ಅದೂ ಆಗುತ್ತದೆ.

ಚಿತ್ರಗಳಿಗೆ ಗಾಡಿ ನಂಬರ್ ಪ್ಲೇಟಿಗೆ ರೇಡಿಯಂ ಕತ್ತರಿಸುವ ಅಂಗಡಿಯೇ ಸಾಕು. ಮೂಲ ಪೆಟ್ಟಿಗೆಯ ಪಕ್ಕದ ಚಿತ್ರ ಅಚ್ಚು ತಟ್ಟೆ ಇಟ್ಟು ಬಳಿದ ಬಣ್ಣ. ಹಾಗಾಗಿ ಪೂರ್ತಿ ಸ್ಟಿಕರ್ ಹೊದಿಸುವ ಬದಲು ಹಳದಿ ಬಣ್ಣ ಬಳಿದು, ರೇಡಿಯಂ ಅಂಗಡಿಯಲ್ಲಿ ಕತ್ತರಿಸಿದ ಅಚ್ಚು ಅಂಟಿಸಿ ಒಂದೊಂದೇ ಬಣ್ಣ ಸ್ಪ್ರೇ ಮಾಡಿದರೆ ನಿಜವಾದದ್ದರ ಹಾಗೇ ಬರುತ್ತದೆ. ಬೆರಳಾಡಿಸಿದರೆ ಬಣ್ಣದ ಅಂಚು ಕೈಗೆ ಸಿಗಬೇಕು.

ನಾಣ್ಯ ಹಾಕುವ ಬಾಗಿಲು ಬೇಕೇ ಬೇಕು ಅನ್ನುವವರಿಗೆ 12 ವೋಲ್ಟಿನ ಕಾಯಿನ್ ಅಕ್ಸೆಪ್ಟರ್ ಸಿಗುತ್ತದೆ. ಯಾವ ನಾಣ್ಯ ತಗೊಳ್ಳಬೇಕೆಂದು ಅದಕ್ಕೆ ಹತ್ತಿಪ್ಪತ್ತು ಸಲ ಹಾಕಿ ಕಲಿಸಬೇಕು. ನಮ್ಮ ಒಂದು ರೂಪಾಯಿಯಲ್ಲೇ ಅಳತೆ ಬೇರೆ ಬೇರೆ ಇದೆ. ಹಳೆಯದು 25 ಎಂ.ಎಂ., 2011ರಲ್ಲಿ ಬಂದದ್ದು ಸುಮಾರು 22. ಬೆರೆಸಿ ಕಲಿಸಿದರೆ ಅದು ಗೊಂದಲಕ್ಕೆ ಬೀಳುತ್ತದೆ. ಒಂದೇ ಬಗೆಯ ಇಪ್ಪತ್ತು ನಾಣ್ಯ ಆರಿಸಿ ಒಂದು ಡಬ್ಬಿಯಲ್ಲಿ ಪೆಟ್ಟಿಗೆ ಮೇಲೆ ಇಟ್ಟುಬಿಡಿ.

ಮರ ಕತ್ತರಿಸುವ ಮೊದಲು ಫ್ರಿಜ್ ಬಂದ ರಟ್ಟಿನ ಡಬ್ಬ ಸಿಕ್ಕರೆ ಅದರಲ್ಲಿ ಪಕ್ಕದ ಹಲಗೆಯ ಆಕಾರವನ್ನು ನಿಜವಾದ ಅಳತೆಯಲ್ಲೇ ಕತ್ತರಿಸಿ, ಇಡಬೇಕೆಂದಿರುವ ಜಾಗದಲ್ಲಿ ಎರಡು ದಿನ ನಿಲ್ಲಿಸಿ. ಮನೆಯವರು ಅದರ ಪಕ್ಕ ಓಡಾಡಲಿ, ಕಸ ಗುಡಿಸಲಿ. ಆಡುವವರೆಲ್ಲ ಎದುರು ನಿಂತು ಮೊಣಕೈ ಮಡಿಸಲಿ, ಅಂಗೈ ಎಲ್ಲಿ ಬರುತ್ತದೋ ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ನಮ್ಮ ಮನೆಯ ರಟ್ಟಿನ ಮೇಲೆ ನಾಲ್ಕು ಗೆರೆ ಬಿದ್ದವು. ಮೂಲ ನಕ್ಷೆಗಿಂತ ಅತ್ತೆಯವರ ಗೆರೆ ಎರಡಿಂಚು ಕೆಳಗಿತ್ತು. ಬಡಗಿಗೆ ಕೊಟ್ಟದ್ದು ಅದೇ ಅಳತೆ.